ಸಸಿ ನೆಟ್ಟ ಮಾತ್ರಕ್ಕೆ ಕಾಡಾಗದು, ಈ ಹೂವೇ ಸಾಕ್ಷಿ

‘ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ.’ ರಸ್ತೆ, ರೈಲು, ಗಣಿ, ಯಾವುದೇ ಬರಲಿ, ಈ ಮಾತು ಅದರ ಹಿಂದೆಯೇ ಬರುತ್ತದೆ. ಕೇಳಲು ಲಾಭದ ಲೆಕ್ಕದಂತಿದೆ. ಆದರೆ ಕಾಡಿನ ಲೆಕ್ಕ ಇದಲ್ಲ ಎನ್ನುತ್ತೇವೆ ನಾವು. ಇಂಗ್ಲೆಂಡಿನ ಒಂದು ಪುಟ್ಟ ಹೂವಿನ ಕಥೆ ಕೇಳಿ.

ಇದರ ಹೆಸರು ವುಡ್ ಅನಿಮೊನಿ. ನಮ್ಮ ಕರಿಜೀರಿಗೆಯ ಕುಟುಂಬಕ್ಕೇ ಸೇರಿದ್ದು. ಗೇಣುದ್ದದ ಗಿಡ, ಬಿಳಿ ಹೂ. ಅಲ್ಲಿ ಚಳಿಗಾಲ ಮುಗಿದು, ಮರಗಳು ಎಲೆ ತುಂಬಿಕೊಳ್ಳುವ ಮೊದಲು ಕಾಡಿನ ನೆಲಕ್ಕೆ ಕೆಲವೇ ವಾರ ಬಿಸಿಲು ಬೀಳುತ್ತದೆ. ಅಷ್ಟರಲ್ಲೇ ಇದು ಅರಳಿ ಮುಗಿಸಬೇಕು. ರಾತ್ರಿಯಾದರೆ, ಮಳೆ ಬಂದರೆ ಹೂ ಮುಚ್ಚಿಕೊಳ್ಳುತ್ತದೆ. ಬೇಸಿಗೆಯ ನಡುವೆ ಎಲೆಯೂ ಒಣಗಿ, ಜೀವ ಮಣ್ಣೊಳಗಿನ ಗಡ್ಡೆಯಲ್ಲಿ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಇದರ ಬೀಜ ಮೊಳೆಯುವುದು ಅಪರೂಪ. ಶುಂಠಿ, ಅರಿಶಿನದ ಹಾಗೆ ಗಡ್ಡೆಯಿಂದಲೇ ಹರಡಬೇಕು. ಎಷ್ಟು ವೇಗ ಗೊತ್ತೇ? 100 ವರ್ಷಕ್ಕೆ ಸುಮಾರು 6 ಅಡಿ. ಒಂದು ಮಂಚದ ಉದ್ದ ಅಷ್ಟೇ! ಹಾಗಾಗಿ ಈ ಹೂ ನೆಲದ ತುಂಬ ಹಾಸಿಕೊಂಡಿದ್ದರೆ, ಕಾಡು ಬಹಳ ಹಳೆಯದು ಎಂಬುದಕ್ಕೆ ಅದೊಂದು ಗುರುತು. ಇಂಗ್ಲೆಂಡಿನಲ್ಲಿ 1600ರಿಂದಲೂ ಕಾಡಾಗಿಯೇ ಉಳಿದಿರುವ ಜಾಗವನ್ನು ‘ಪುರಾತನ ಕಾಡು’ ಎಂದು ಗುರುತಿಸುತ್ತಾರೆ.

ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಡುವಿನ ಹೈಸ್ಪೀಡ್ ರೈಲು ಮಾರ್ಗಕ್ಕಾಗಿ ಇಂಥ ಕೆಲವು ಕಾಡುಗಳ ಭಾಗಗಳನ್ನು ಕಡಿದರು. ಅಲ್ಲಿನ ಮಣ್ಣನ್ನು ಅಗೆದು, ಲಾರಿಯಲ್ಲಿ ಸಾಗಿಸಿ, ಬೇರೆ ಕಡೆ ಹರಡಿ, ಸಸಿಗಳನ್ನು ನೆಟ್ಟರು. ಏನೂ ಮಾಡದೆ ಬಿಡುವುದಕ್ಕಿಂತ ಇದು ಮೇಲು, ನಿಜ. ಆದರೆ ನೂರಾರು ವರ್ಷ ಯಾರೂ ಕೆದಕದ ನೆಲ, ಅದರೊಳಗಿನ ಬೇರು, ಅಣಬೆ, ಹುಳುಗಳ ಸಂಸಾರ ಲಾರಿ ಹತ್ತಿ ಹೋಗಿ ಮೊದಲಿನಂತೆ ಕೂರುತ್ತದೆಯೇ?

ಸಸಿ ನೆಡಬೇಡಿ ಎಂದು ನಾವು ಹೇಳುತ್ತಿಲ್ಲ. ಬೋಳು ನೆಲದಲ್ಲಿ ಖಂಡಿತ ನೆಡಲಿ. ಹಳೆಯ ಕಾಡು ಕಡಿಯಲು ಅದನ್ನು ಪರವಾನಗಿ ಮಾಡಿಕೊಳ್ಳಬಾರದು. ಸಸಿ 30 ವರ್ಷದಲ್ಲಿ ಮರವಾದೀತು. ಅಷ್ಟರಲ್ಲಿ ಈ ಹೂ ನಡೆದಿರುವುದು ಎರಡು ಅಡಿಯೂ ಇಲ್ಲ.

ಮುಂದೆ ಯಾರಾದರೂ ಸಸಿಗಳ ಲೆಕ್ಕ ಕೊಟ್ಟರೆ ಒಂದೇ ಪ್ರಶ್ನೆ ಕೇಳೋಣ: ಸ್ವಾಮಿ, ಮರದ ಲೆಕ್ಕ ಆಯಿತು, ಬುಡದಲ್ಲಿದ್ದುದರ ಲೆಕ್ಕ ಎಲ್ಲಿ?