ಹಸಿರು ಜಾಹೀರಾತಿಗೆ ಬಲಿಯಾದ ಪಾಚಿ ಇಂಧನ

ಸೂಕ್ಷ್ಮಪಾಚಿಯಿಂದ ವಾಹನದ ಇಂಧನ ತಯಾರಿಸಲು 60 ಕೋಟಿ ಡಾಲರ್‌ವರೆಗೆ ಖರ್ಚು ಮಾಡುವುದಾಗಿ ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್ 2009ರ ಜುಲೈನಲ್ಲಿ ಘೋಷಿಸಿತು. ಜೊತೆಗಿದ್ದದ್ದು ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿ. 2023ರ ಆರಂಭದಲ್ಲಿ, ಆ ಕೆಲಸಕ್ಕೆ ಹಣ ಕೊಡುವುದನ್ನು ಎಕ್ಸಾನ್ ನಿಲ್ಲಿಸಿದೆ ಎಂಬ ಸುದ್ದಿ ಹೊರಬಿತ್ತು. ಹಿಂದಿನ ವರ್ಷ ಅದು ಗಳಿಸಿದ ಲಾಭ ಸುಮಾರು 5,600 ಕೋಟಿ ಡಾಲರ್. ಕೈಯಲ್ಲಿ ಕಾಸಿಲ್ಲದೆ ಬಿಟ್ಟರು ಎಂದು ಯಾರೂ ಹೇಳಲಾರರು.

ಪಾಚಿ ಇಂಧನವೆಂಬುದೇ ಪೊಳ್ಳು ಎಂದು ಕೆಲವರು ಈಗ ಕೈತೊಳೆದುಕೊಳ್ಳುತ್ತಿದ್ದಾರೆ. ವಿಜ್ಞಾನದಲ್ಲಿ ಸೋಲು ಸಹಜ, ಕಂಪನಿಯನ್ನು ದೂರುವುದೇಕೆ ಎಂದು ಇನ್ನು ಕೆಲವರು ಕೇಳುತ್ತಿದ್ದಾರೆ. ಎರಡೂ ವಾದ ತಪ್ಪು.

ಪ್ರಯೋಗ ಸೋಲುವುದು ಖಂಡಿತ ಅಪರಾಧವಲ್ಲ. ಆದರೆ ಪ್ರಯೋಗ ಇನ್ನೂ ಲ್ಯಾಬಿನಲ್ಲಿರುವಾಗಲೇ ಅದನ್ನು ಕಂಪನಿಯ ಹಸಿರು ಮುಖವಾಗಿ ವರ್ಷಗಟ್ಟಲೆ ಜಾಹೀರಾತುಗಳಲ್ಲಿ ಮೆರೆಸಿದ್ದು ಅನ್ಯಾಯ. 2025ರೊಳಗೆ ದಿನಕ್ಕೆ 10,000 ಬ್ಯಾರೆಲ್ ತಯಾರಿಸುವ ತಾಂತ್ರಿಕ ಸಾಮರ್ಥ್ಯ ಪಡೆಯುವುದು 2018ರಲ್ಲಿ ಹೇಳಿಕೊಂಡ ಗುರಿ. ಜಗತ್ತು ದಿನಕ್ಕೆ ಬಳಸುವ ತೈಲ ಸುಮಾರು 10 ಕೋಟಿ ಬ್ಯಾರೆಲ್. ಗುರಿ ಪೂರ್ತಿ ಮುಟ್ಟಿದ್ದರೂ ಸಿಗುತ್ತಿದ್ದುದು ಹತ್ತು ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲಿನ ಹಸಿರನ್ನು ಮುಂದೆ ಹಿಡಿದು ಉಳಿದ 9,999 ಪಾಲಿನ ಹೊಗೆಯನ್ನು ಮರೆಮಾಡಲಾಯಿತು. ಗ್ರಾಹಕರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯ 2019ರಲ್ಲಿ ಎಕ್ಸಾನ್ ವಿರುದ್ಧ ದಾವೆ ಹೂಡಿದ್ದು ಸರಿಯಾಗಿಯೇ ಇದೆ.

ಹಾಗೆಂದು ಪಾಚಿಯನ್ನೇ ಹೀಗಳೆಯುವುದು ಇನ್ನೊಂದು ಅನ್ಯಾಯ. ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿಯ ಒಂದು ಜೀನ್‌ನ ಹಿಡಿತ ಸಡಿಲಿಸಿ, ಕೊಬ್ಬಿನ ಅಂಶವನ್ನು ಶೇ 20ರಿಂದ ಶೇ 40ರ ಮೇಲಕ್ಕೆ ಏರಿಸಬಹುದೆಂದು ಸಿಂಥೆಟಿಕ್ ಜೀನೋಮಿಕ್ಸ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಅದು ನಿಜವಾದ ಸಾಧನೆ. ತೊಡಕು ಇರುವುದು ಬಯಲಿನ ಕೊಳದಲ್ಲಿ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಸುಮಾರು 2.5 ಕೋಟಿ ಡಾಲರ್ ವೆಚ್ಚದಲ್ಲಿ ನಡೆಸಿದ ಯೋಜನೆ ಇದನ್ನು ಆಗಲೇ ಕಂಡುಕೊಂಡಿತ್ತು. ನ್ಯೂ ಮೆಕ್ಸಿಕೋದ ರೋಸ್ವೆಲ್‌ನಲ್ಲಿ ರಾತ್ರಿಯ ಚಳಿಗೆ ಇಳುವರಿ ಕುಸಿಯಿತು. ತೆರೆದ ಕೊಳಗಳಲ್ಲಿ ಲ್ಯಾಬಿನ ಆಯ್ದ ತಳಿಯನ್ನು ಆಯಾ ಸ್ಥಳದ ಪಾಚಿಯೇ ಮೀರಿ ಬೆಳೆಯಿತು. ಗೆದ್ದದ್ದು, ಸೋತದ್ದು ಎರಡನ್ನೂ ಬರೆದಿಟ್ಟ ಆ ಯೋಜನೆಯ 1998ರ ವರದಿಯನ್ನು ಇಂದಿಗೂ ಯಾರು ಬೇಕಾದರೂ ಓದಬಹುದು. ಸಾರ್ವಜನಿಕ ಹಣದ ಬೆಲೆ ಗೊತ್ತಾಗುವುದು ಇಲ್ಲಿ.

ಪಾಚಿ ಒಂಟಿಯಾಗಿ ಬಾಳುವ ಜೀವಿಯೂ ಅಲ್ಲ. ಪರಿಶೀಲಿಸಿದ ಪ್ರಭೇದಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಹೊರಗಿನಿಂದ ಬಿ12 ವಿಟಮಿನ್ ಬೇಕು, ಬ್ಯಾಕ್ಟೀರಿಯಾಗಳು ಅದನ್ನು ಒದಗಿಸಬಲ್ಲವು ಎಂದು ಬ್ರಿಟನ್ನಿನ ವಿಜ್ಞಾನಿಗಳು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಪ್ರತಿಯಾಗಿ ಪಾಚಿ ತನ್ನ ಆಹಾರದಲ್ಲಿ ಪಾಲು ಕೊಡುತ್ತದೆ. ಒಂದೇ ತಳಿಯನ್ನು ಒಂಟಿಯಾಗಿ ಬೆಳೆಸಿ ಎಣ್ಣೆ ಹಿಂಡುವ ಹಟಕ್ಕಿಂತ ಈ ಕೊಡುಕೊಳೆಯನ್ನು ಅರಿಯುವ ಸಂಶೋಧನೆಯೇ ಕೊಳವನ್ನು ಉಳಿಸಬಲ್ಲದು.

ಪಾಚಿ ಬೆಳೆಸಲು ಗೊಬ್ಬರ ಎಲ್ಲಿಂದ ಎಂಬ ಪ್ರಶ್ನೆಗೂ ಉತ್ತರವಿದೆ. ಪಾಚಿಗೆ ಬೇಕಾದ ಸಾರಜನಕ, ರಂಜಕ ಎರಡೂ ನಗರದ ಕೊಳಚೆ ನೀರಿನಲ್ಲಿ ಹೇರಳ. ಬೆಂಗಳೂರಿನ ಕೊಳಚೆ ಸೇರುವ ಕೆರೆಗಳ ಪಾಚಿಯಲ್ಲಿ ಇಂಧನಕ್ಕೆ ಒದಗುವ ಕೊಬ್ಬು ಎಷ್ಟಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಇಲ್ಲಿ ನೀರಿನ ಶುದ್ಧಿಯೇ ಮೊದಲ ಲಾಭ. ಇಂಧನ ಅದರ ಮೇಲಿನದು.

ಆದ್ದರಿಂದ ಸರ್ಕಾರಗಳು ಈ ಸಂಶೋಧನೆಗೆ ದಶಕಗಳ ಕಾಲ ಹಣ ಒದಗಿಸುವ ಮಾತು ಕೊಡಬೇಕು, ಫಲಿತಾಂಶಗಳನ್ನು ಜನರ ಮುಂದಿಡಬೇಕು. ತೈಲ ಕಂಪನಿಗಳು ಹಸಿರು ಇಂಧನದ ಜಾಹೀರಾತು ಹಾಕುವುದಾದರೆ ತಮ್ಮ ಒಟ್ಟು ಮಾರಾಟದಲ್ಲಿ ಅದರ ಪಾಲು ಎಷ್ಟೆಂದು ಅದೇ ಜಾಹೀರಾತಿನಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಲೇಬೇಕೆಂಬ ಕಾನೂನು ಬರಬೇಕು.