ಮಾಮಾ, ಪುಡೀಗೆ ಚೀಟಿ ಎಲ್ಲೈತಿ?

ಮೃಗಶಿರಾ ಮಳೆ ಬಿದ್ದ ವಾರ ಗೋಕಾಕದ ಯಾವುದಾದರೂ ಬೀಜ-ಗೊಬ್ಬರದ ಅಂಗಡಿ ಮುಂದೆ ಅರ್ಧ ತಾಸು ನಿಂತು ನೋಡಿ. ಮೂಡಲಗಿ ಕಡೆಯ ರೈತ ಸೋಯಾಬೀನ್ ಚೀಲವನ್ನು ಹೊರಳಿಸಿ, ಚಾಳೀಸು ಏರಿಸಿಕೊಂಡು, ಬಾಯಿಹೊಲಿಗೆಗೆ ಸಿಕ್ಕಿಸಿದ ನೀಲಿ ಚೀಟಿ ಓದುತ್ತಿರುತ್ತಾನೆ. ಲಾಟ್ ನಂಬರ್ ಎಷ್ಟು, ಪರೀಕ್ಷೆ ಮಾಡಿದ ತಾರೀಖು ಯಾವುದು, ಮೊಳಕೆ ಪ್ರಮಾಣ ಶೇಕಡಾ 70 ಇದೆಯೋ ಇಲ್ಲವೋ, ಎಲ್ಲ ನೋಡುತ್ತಾನೆ. ಒಂದು ಅಂಕಿ ಅಳಿಸಿದ್ದರೂ ಅಂಗಡಿಯವನ ಜೊತೆ ತಕರಾರು. ಪಕ್ಕಾ ಬಿಲ್ ಕೊಡು ಎಂದು ಹಟ. ಶಹಬ್ಬಾಸ್ ಅನ್ನಬೇಕು.

ಅದೇ ರೈತ ಅಲ್ಲಿಂದ ನಾಲ್ಕು ಹೆಜ್ಜೆ ನಡೆದು, ಮೈಕು ಕಟ್ಟಿದ ಗಾಡಿಯ ಮುಂದೆ ನಿಲ್ಲುತ್ತಾನೆ. ಗಾಡಿಯ ಮೇಲೆ ಒಣಗಿದ ಬೇರು, ತೊಗಟೆ, ಗಾಜಿನ ಬರಣಿ, ಯಾರದೋ ಜಟೆಯ ಫೋಟೋ. ಹಳೇ ಪೇಪರಿನಲ್ಲಿ ಸುತ್ತಿದ ಕಂದು ಪುಡಿ ಅವನ ಕೈಗೆ ಬರುತ್ತದೆ. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ನೆಲಕ್ಕೆ ಹಾಕುವ ಬೀಜಕ್ಕೆ ಹತ್ತು ಪ್ರಶ್ನೆ ಕೇಳಿದವನು ಹೊಟ್ಟೆಗೆ ಹಾಕುವ ಪುಡಿಗೆ ಕೇಳುವುದು ಒಂದೇ: "ಪಥ್ಯ ಏನ್ರಿ?"

"ಬದನಿಕಾಯಿ ಬಿಡ್ರಿ. ಹುಳಿ ಬಿಡ್ರಿ. ಸೈಡ್ ಎಫೆಕ್ಟ್ ಅಂತೂ ಏನೂ ಇಲ್ರಿ, ಎಲ್ಲಾ ಗಿಡಾಮೂಲಿಕಿ."

ಈ 'ಸೈಡ್ ಎಫೆಕ್ಟ್ ಇಲ್ಲ' ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಟಿವಿಯಲ್ಲಿ ಅದೇ, ವಾಟ್ಸಾಪಿನಲ್ಲಿ ಅದೇ, ಮದುವೆ ಊಟದ ಪಂಕ್ತಿಯಲ್ಲೂ ಅದೇ. ಪಾಪ ಬದನೆಕಾಯಿಗೆ ಇರುವಷ್ಟು ಸೈಡ್ ಎಫೆಕ್ಟೂ ಆ ಪುಡಿಗೆ ಇಲ್ಲವಂತೆ! ಹಾಗಾದರೆ ನನ್ನದೊಂದು ಸಣ್ಣ ಅನುಮಾನ. ಮೈಯೊಳಗೆ ಹೋಗಿ ಸಕ್ಕರೆ ಇಳಿಸುವ, ಕಲ್ಲು ಕರಗಿಸುವ, ಮೊಣಕಾಲು ನೋವು ಓಡಿಸುವ ಒಂದು ವಸ್ತು, ಬೇಕಾದ ಕೆಲಸ ಮಾತ್ರ ಮಾಡಿ, ಬೇಡದ ಕೆಲಸದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತುಕೊಳ್ಳುತ್ತದೆಯೇ? ಪರಿಣಾಮ ಇದ್ದರೆ ಅಡ್ಡ ಪರಿಣಾಮವೂ ಇರುತ್ತದೆ. ಅಡ್ಡ ಪರಿಣಾಮ ಇಲ್ಲವೇ ಇಲ್ಲ ಎಂದರೆ ಅದು ಹೊಲದ ಮಣ್ಣು.

ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಇದ್ದಾನೆ. ಕಬ್ಬು, ಗೋವಿನಜೋಳ, ಎರಡು ಎಮ್ಮೆ, ಎರಡು ಸವೆದ ಮೊಣಕಾಲು. ಯಾರೋ ಹೇಳಿದರು ಎಂದು ಗಾವಠಿ ಪುಡಿ ತಂದ. ಎಂಟೇ ದಿನಕ್ಕೆ ನೋವು ಮಾಯ. ಹಸಿವು ಹೆಚ್ಚಿತು, ಮುಖ ತುಂಬಿಕೊಂಡಿತು. "ನೋಡು ಅಳಿಯಾ, ಹೆಂಗ ಮಿಂಚಾಕತ್ತೈತಿ ಮಾರಿ" ಎಂದು ಬೀಗಿದ. ಏಳು ತಿಂಗಳಾದ ಮೇಲೆ ಮುಖ ಗುಂಡಗಾಗಿ, ಹೊಟ್ಟೆ ಬಂದು, ಕೈಕಾಲು ಸಣ್ಣಗಾಗಿ, ಮುಟ್ಟಿದಲ್ಲೆಲ್ಲ ಚರ್ಮ ಕಂದತೊಡಗಿತು. ಎಂದೂ ಇಲ್ಲದ ಶುಗರ್ ಬಂತು. ಡಾಕ್ಟರು ಮುಖ ನೋಡಿಯೇ ಹೇಳಿದರು, ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು ಎಂದು. ತಮಾಷೆ ಎಂದರೆ ಅದನ್ನು ಒಮ್ಮೆಗೇ ಬಿಡುವಂತೆಯೂ ಇರಲಿಲ್ಲ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಹೀಗಾಗಿ 'ಇಂಗ್ಲಿಷ್ ಔಷಧ ಬ್ಯಾಡ' ಎಂದು ಪುಡಿ ಹಿಡಿದವನಿಗೆ ಇಂಗ್ಲಿಷ್ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ, ದಡ ಮುಟ್ಟಿಸಬೇಕಾಯಿತು. ಅಷ್ಟು ದಿನವೂ ಅವನು ನುಂಗಿದ್ದು ಇಂಗ್ಲಿಷ್ ಔಷಧವನ್ನೇ. ಮೇಲೆ ಬೇರಿನ ಪುಡಿಯ ಮುಸುಕು ಹಾಕಿತ್ತು, ಅಷ್ಟೇ.

ನಾನು ಅವನಿಗೆ ಕೇಳಿದ್ದು ಒಂದೇ: "ಮಾಮಾ, ಬೀಜದ ಚೀಲಕ್ಕ ಚೀಟಿ ನೋಡಾಂವ ನೀ. ಈ ಪುಡೀಗೆ ಚೀಟಿ ಎಲ್ಲೈತಿ?"

ಇಲ್ಲಿಗೆ ಕೆಲವರು ಎದ್ದು ನಿಲ್ಲುತ್ತಾರೆಂದು ಗೊತ್ತು. ಅದು ಸಂತೆಯ ಕಳ್ಳ ಮಾಲು ಸ್ವಾಮಿ, ನಿಜವಾದ ಆಯುರ್ವೇದ ಬೇರೆ ಎನ್ನುತ್ತಾರೆ. ಸರಿ, ಚೀಟಿ ಇರುವ ಮಾಲಿಗೇ ಬರೋಣ. 2008ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಔಷಧಗಳನ್ನು ಕೊಂಡು ಪರೀಕ್ಷಿಸಿದ್ದರು. ಭಾರತದಲ್ಲಿ ತಯಾರಾದವೂ ಇದ್ದವು, ಅಮೆರಿಕದವೂ ಇದ್ದವು. ಹೆಚ್ಚುಕಡಿಮೆ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಐದರಲ್ಲಿ ಒಂದು! ಬಾಟಲಿ, ಲೇಬಲ್, ಕಂಪನಿ, ವೆಬ್‌ಸೈಟು ಎಲ್ಲ ಇದ್ದ ಮಾಲಿನ ಗತಿ ಇದು. ಹಳೇ ಪೇಪರಿನ ಪೊಟ್ಟಣದ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

ಕಾಮಣಿಗೆ ಬರೋಣ. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ತಪ್ಪಲ ಔಷಧ, ಆಮೇಲೆ ಆಸ್ಪತ್ರೆ. "ನಮ್ಮ ಊರಾಗ ಸಾವಿರ ಮಂದಿಗೆ ಆರಾಮ ಆಗೈತಿ" ಎನ್ನುತ್ತಾರೆ. ಆಗಿರುತ್ತದೆ, ಯಾಕಾಗಬಾರದು? ಕೊಳಕು ನೀರಿನಿಂದ ಬರುವ ಕಾಮಣಿ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಪ್ಪಲು ಕುಡಿದರೂ ಇಳಿಯುತ್ತದೆ, ಮಜ್ಜಿಗೆ ಕುಡಿದರೂ ಇಳಿಯುತ್ತದೆ. ಕೀರ್ತಿ ತಪ್ಪಲಿಗೆ. ಇಳಿಯದೆ ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ!

ನೆಲನೆಲ್ಲಿಯ ಕಥೆ ಇವರಿಗೆ ಬಹಳ ಪ್ರಿಯ. 1988ರಲ್ಲಿ ಮದ್ರಾಸಿನ ಸಂಶೋಧಕರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಹೆಪಟೈಟಿಸ್ ಬಿ ವೈರಾಣು ಹೊತ್ತವರಲ್ಲಿ ನೆಲನೆಲ್ಲಿ ಕೊಟ್ಟ 37 ಮಂದಿಯ ಪೈಕಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತು, ಬರೀ ಸುಳ್ಳು ಗುಳಿಗೆ ತಿಂದ 23ರಲ್ಲಿ ಒಬ್ಬನದು ಮಾತ್ರ. ಜಗತ್ತು ಕುಣಿದಾಡಿತು. ಕುಣಿದು ಸುಮ್ಮನಾಗಲಿಲ್ಲ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಮಾಡಿ ನೋಡಿತು. ಆ ಫಲ ಮತ್ತೆ ಸಿಗಲಿಲ್ಲ. ನಮ್ಮವರ ವಾಟ್ಸಾಪಿನಲ್ಲಿ ಮಾತ್ರ ಗಡಿಯಾರ 1988ಕ್ಕೇ ನಿಂತಿದೆ.

ಇನ್ನು ಅಮೃತಬಳ್ಳಿ. ಕೊರೊನಾ ಕಾಲದಲ್ಲಿ ಬದುವಿನ ಮೇಲೆ ಒಂದು ಬಳ್ಳಿ ಉಳಿಯಲಿಲ್ಲ, ಎಲ್ಲರ ಮನೆಯಲ್ಲೂ ಕಷಾಯ. ಮುಂಬೈ ವೈದ್ಯರು ಅದನ್ನು ಕುಡಿದ ಆರು ಮಂದಿಯ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಅಂಥ 43 ರೋಗಿಗಳ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಏನೆಂದಿತು ಗೊತ್ತೇ? ಅದು ನಿಜವಾದ ಅಮೃತಬಳ್ಳಿಯಲ್ಲ, ಅದರ ಹಾಗೇ ಕಾಣುವ ಬೇರೆ ಜಾತಿಯ ಬಳ್ಳಿ ಇರಬಹುದು ಎಂದಿತು. ಒಪ್ಪಿದೆ ಬಿಡಿ. ಸಚಿವಾಲಯವೇ 'ಗುರುತು ತಪ್ಪಿರಬಹುದು' ಎನ್ನುವ ಬಳ್ಳಿಯನ್ನು ಬದುವಿನಿಂದ ಕಿತ್ತು ತರುವ ಸಣ್ಣ ಹುಡುಗ ಹೇಗೆ ಗುರುತಿಸಬೇಕು? ಚೀಟಿ ಬೇಕು ಅನ್ನುವುದು ಇದಕ್ಕೇ.

ಅರಿಶಿನ ನಮ್ಮದೇ ಬೆಳೆ. ಮೂಡಲಗಿ, ರಾಯಬಾಗ ಸೀಮೆಯವರು ಬೆಳೆದು ಸಾಂಗಲಿ ಪೇಟೆಗೆ ಹೇರುವವರು. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ನನಗೇನೂ ತಕರಾರಿಲ್ಲ, ಅದಿಲ್ಲದೆ ನನಗೆ ಊಟ ಸೇರುವುದೂ ಇಲ್ಲ. ಆದರೆ ಅದರ ಕರ್ಕ್ಯುಮಿನ್ ಎಂಬ ಸಾರವನ್ನು ಗುಳಿಗೆಗೆ ತುಂಬಿ, ಮೆಣಸಿನ ಸಾರ ಬೆರೆಸಿ ಮಾರುತ್ತಾರಲ್ಲ, ಆ ಮೆಣಸು ಯಾಕೆಂದು ಕೇಳಿದ್ದೀರಾ? 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ತೋರಿಸಿದರು: 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಬರೀ 20 ಮಿಲಿಗ್ರಾಂ ಸೇರಿಸಿದರೆ, ಮನುಷ್ಯನ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ರಷ್ಟು ಏರುತ್ತದೆ. ಮೆಣಸು ಅರಿಶಿನಕ್ಕಷ್ಟೇ ಬಾಗಿಲು ತೆರೆಯುವುದಿಲ್ಲ. ನೀವು ನುಂಗುವ ಮೂರ್ಛೆರೋಗದ, ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ತೆರೆಯುತ್ತದೆ. ಅರಿಶಿನದ ಗುಳಿಗೆ ತಿಂದು ಯಕೃತ್ತು ಕೆಡಿಸಿಕೊಂಡ ಹತ್ತು ಜನರ ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ದಾಖಲಿಸಿದ್ದಾರೆ, ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ಬಿಪಿ ಮಾತ್ರೆಯ ಜೊತೆ ಇದನ್ನು ತಿನ್ನಬಹುದೇ, ಬಸುರಿ ತಿನ್ನಬಹುದೇ, ಎಷ್ಟು ದಿನ ತಿನ್ನಬೇಕು, ಯಾವಾಗ ನಿಲ್ಲಿಸಬೇಕು? ಈ ಪ್ರಶ್ನೆಗಳನ್ನು ಒಬ್ಬರೂ ಕೇಳುವುದಿಲ್ಲ. ಬದನೆಕಾಯಿ ತಿನ್ನಬಹುದೇ ಎಂದು ಕೇಳುತ್ತಾರೆ.

'ಸಾವಿರಾರು ವರ್ಷದ ಪರಂಪರೆ' ಎಂಬ ಗದೆ ಈಗ ಏಳುತ್ತದೆ. ಪರಂಪರೆಯನ್ನು ಓದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ತಪ್ಪಾಗಿ ಬಳಸಿದ ಔಷಧ ವಿಷವಾಗುತ್ತದೆ ಎಂದು ಚರಕ ಸಂಹಿತೆಯೇ ಹೇಳುತ್ತದೆ. ಚರಕನಿಗೆ ಗೊತ್ತಿದ್ದ ಸೈಡ್ ಎಫೆಕ್ಟು ಚರಕನ ಹೆಸರಲ್ಲಿ ಬಾಟಲಿ ಮಾರುವವರಿಗೆ ಗೊತ್ತಿಲ್ಲ! ಸರ್ಪಗಂಧಿಯ ಬೇರನ್ನು ಮುಂಬೈನ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ರಕ್ತದೊತ್ತಡಕ್ಕೆ ಕೊಟ್ಟು, ಅಳೆದು, ಬರೆದು ಜಗತ್ತಿನ ಮುಂದಿಟ್ಟರು. ಅದು ದೊಡ್ಡ ಔಷಧವಾಯಿತು. ಹಾಗೇ, ಕೆಲವರಿಗೆ ಮನಸ್ಸು ಕುಗ್ಗುವ ಕಾಯಿಲೆ ಬರುತ್ತದೆಂಬುದೂ ಗೊತ್ತಾಯಿತು. ಬೇರನ್ನು ಗೌರವಿಸುವುದು ಎಂದರೆ ಅದನ್ನು ಅಳೆಯುವುದು. ನಮ್ಮಲ್ಲಿ ಗೌರವ ಎಂದರೆ ಗುಟ್ಟು. ತಂದೆ ಮಗನಿಗೆ ಹೇಳಿದ ಗುಟ್ಟು, ಮಗ ಸಾಯುವಾಗ ಹೇಳುವ ಗುಟ್ಟು. ಈ ಗುಟ್ಟಿನ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಮೈಸೂರಿನ ಒಬ್ಬ ನಾಟಿವೈದ್ಯರನ್ನು 2019ರಲ್ಲಿ ಅಪಹರಿಸಿ ಕೇರಳದ ನಿಲಂಬೂರಿನಲ್ಲಿ ವರ್ಷಕ್ಕೂ ಮೇಲ್ಪಟ್ಟು ಕೂಡಿಹಾಕಿ ಕೊಂದರು. ಮೂಲವ್ಯಾಧಿಯ ಔಷಧದ ಗುಟ್ಟು ಹೇಳಲಿಲ್ಲವೆಂದು.

ಕಾನೂನು ಇಲ್ಲವೇ ಎಂದರೆ, ಇದೆ. 1954ರ ಕಾಯ್ದೆಯಲ್ಲಿ 54 ಕಾಯಿಲೆಗಳ ಪಟ್ಟಿಯೇ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂತ್ರಪಿಂಡದ ಕಲ್ಲು ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಟ್ಟರೆ ಅಪರಾಧ. ಸಂಕೇಶ್ವರದಿಂದ ಘಟಪ್ರಭಾದವರೆಗೆ ಗೋಡೆಗಳನ್ನು ಓದುತ್ತ ಬನ್ನಿ, 54ರಲ್ಲಿ ಎಷ್ಟು ಬಿಟ್ಟುಹೋಗಿವೆ ಎಂದು ಹುಡುಕುವುದೇ ಕಷ್ಟ. ಆಯುರ್ವೇದದ ಕಂಪನಿಗಳು ಜಾಹೀರಾತಿಗೆ ಮೊದಲೇ ಅನುಮತಿ ಸಂಖ್ಯೆ ಪಡೆಯಬೇಕೆಂದು 2018ರಲ್ಲಿ 170ನೇ ನಿಯಮ ಬಂತು. 2023ರ ಆಗಸ್ಟಿನಲ್ಲಿ ಅದೇ ಆಯುಷ್ ಸಚಿವಾಲಯ, ಈ ನಿಯಮದಡಿ ಕ್ರಮ ಬೇಡ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈ 1ಕ್ಕೆ ನಿಯಮವನ್ನೇ ಕಿತ್ತು ಹಾಕಿತು. ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2025ರ ಆಗಸ್ಟ್ 11ರಂದು ಪ್ರಕರಣವೂ ಮುಗಿಯಿತು, ತಡೆಯೂ ತೆರವಾಯಿತು. ಮುಂಚೆ ಅನುಮತಿ ಕೇಳುವ ಬಾಗಿಲು ಮುಚ್ಚಿತು. ಮೈಕು ಕಟ್ಟಿದ ಗಾಡಿಯವನನ್ನು ಬೈದು ಏನು ಪ್ರಯೋಜನ, ಅವನ ದೊಡ್ಡಣ್ಣಂದಿರು ದಿಲ್ಲಿಯಲ್ಲೇ ಗೆದ್ದಿದ್ದಾರೆ.

ಇನ್ನೊಂದು ಕೇಳಿ. ದತ್ತೂರಿ, ವತ್ಸನಾಭಿ, ಗುಲಗಂಜಿ, ಕಾಸರ್ಕ ಇಂಥ ವಿಷಪದಾರ್ಥಗಳಿಗೆ ಔಷಧ ನಿಯಮಗಳಲ್ಲಿ ಪ್ರತ್ಯೇಕ ಪಟ್ಟಿ ಇದೆ. ಅವು ಸೇರಿದ ಔಷಧದ ಮೇಲೆ 'ವೈದ್ಯರ ನಿಗಾದಲ್ಲಿ ಮಾತ್ರ' ಎಂಬ ಎಚ್ಚರಿಕೆ ಬರೆಯಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ! ಬೆಳಗಾವಿ ಜಿಲ್ಲೆಯಲ್ಲಿ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇದೆಯೋ 55 ಇದೆಯೋ ಎಂದು ಅಳೆಯಲು ಟೇಪು ಹಿಡಿದು ಬರುವ ಶೂರರಿದ್ದಾರೆ. ಬೋರ್ಡು ಬೇಕು, ನಾನೂ ಅದರ ಪರವೇ. ಆದರೆ ಅಂಗಡಿಯ ಒಳಗಿನ ಬಾಟಲಿಯಲ್ಲಿ 'ಇದು ವಿಷ' ಎಂಬ ಮಾತು ಕನ್ನಡದಲ್ಲಿಲ್ಲ ಎಂದು ಯಾವ ಸಂಘಟನೆ ರಸ್ತೆಗಿಳಿದಿದೆ? ಗೋಕಾಕ ಜಿಲ್ಲೆಯಾಗಲಿ ಎಂದು ನಮ್ಮವರು ಎಷ್ಟು ಬಂದ್ ಮಾಡಿದರು! ಜೆ.ಎಚ್. ಪಟೇಲರು 1997ರಲ್ಲಿ ಕೊಟ್ಟಂತೆ ಮಾಡಿ ಕಿತ್ತುಕೊಂಡದ್ದನ್ನು ಇನ್ನೂ ಮರೆತಿಲ್ಲ. ಸುವರ್ಣ ವಿಧಾನಸೌಧಕ್ಕೆ ಚಳಿಗಾಲಕ್ಕೊಮ್ಮೆ ಇಡೀ ಸರ್ಕಾರ ಬಂದು ಕುಂದಾ ತಿಂದು, ಕರದಂಟು ಕಟ್ಟಿಸಿಕೊಂಡು ಹೋಗುತ್ತದೆ. ಸಂತೆಯ ಪುಡಿಯ ಮಾದರಿ ತೆಗೆಯಲು ಒಬ್ಬ ಇನ್‌ಸ್ಪೆಕ್ಟರ್ ಕೊಡಿ ಎಂದು ಅಲ್ಲಿ ಧರಣಿ ಕೂತವರನ್ನು ನಾನಂತೂ ಕಂಡಿಲ್ಲ. ಬೆಳಗಾವಿಯಲ್ಲೇ, ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ. ಈ ಭಾಗದ ನಾಟಿವೈದ್ಯರ ಬಗ್ಗೆ ಅಲ್ಲಿಯ ಸಂಶೋಧಕರು ಪ್ರಬಂಧ ಬರೆದಿದ್ದಾರೆ. ಅವರ ಕೆಲಸ ಸಂಶೋಧನೆ, ಮಾಡುತ್ತಿದ್ದಾರೆ. ಆದರೆ ನನ್ನ ಮಾಮಾನ ಪೊಟ್ಟಣವನ್ನು ಹಿಡಿದು ಹೋಗಿ 'ಇದರಲ್ಲೇನಿದೆ' ಎಂದು ಕೇಳಲು ಇಡೀ ಜಿಲ್ಲೆಯಲ್ಲಿ ನನಗೊಂದು ಕಿಟಕಿ ಸಿಗಲಿಲ್ಲ. ಮಣ್ಣಿನ ಪರೀಕ್ಷೆಗೆ ಇದೆ, ಕಬ್ಬಿನ ಇಳುವರಿ ಅಳೆಯಲು ಇದೆ, ಹಾಲಿನ ಕೊಬ್ಬು ಅಳೆಯಲು ಪ್ರತಿ ಡೇರಿಯಲ್ಲೂ ಯಂತ್ರ ಇದೆ.

ಪಾರಂಪರಿಕ ವೈದ್ಯರಿಗೆ ಮಾನ್ಯತೆ ಕೊಡಿ ಎಂಬ ಕೂಗು ಮತ್ತೆ ಮತ್ತೆ ಏಳುತ್ತದೆ. ಕೊಡಲಿ. ಮೊದಲು ಪುಡಿಯಲ್ಲಿ ಏನಿದೆ ಎಂದು ಬರೆದು ಕೊಡಲಿ. ಹಾವು ಕಚ್ಚಿದವರಿಗೆ ಬೇರು ತೇಯ್ದು ಕೊಡುವುದನ್ನು ಬಿಡಲಿ. ಹಾವು ಕಡಿತವನ್ನು 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ, ಕಬ್ಬಿನ ಗದ್ದೆಯ ಕೊಳಕುಮಂಡಲಕ್ಕೆ ಬೇರಿನ ಭಯವಿಲ್ಲ. ಇಷ್ಟು ಹೇಳಿದರೆ ನಾನು 'ಫಾರ್ಮಾ ಲಾಬಿಯ ಏಜೆಂಟ್'. ನನ್ನ ಹಳೇ ಸ್ಕೂಟರ್ ನೋಡಿದವರು ಆ ಲಾಬಿ ಎಷ್ಟು ಜಿಪುಣ ಎಂದು ಮರುಗಬಹುದು.

ಮೊನ್ನೆ ಮಾಮಾನ ಮನೆಗೆ ಹೋಗಿದ್ದೆ. ಚಹಾ ಕೊಟ್ಟು, ಒಳಗೆ ಹೋಗಿ, ಗೂಡಿನಿಂದ ಹೊಸ ಪೊಟ್ಟಣವೊಂದನ್ನು ತಂದು ನನ್ನ ಮುಂದೆ ಇಟ್ಟ. ಮುಖದಲ್ಲಿ ಗೆದ್ದ ಕಳೆ.

"ನೀ ಚೀಟಿ ಕೇಳು ಅಂದಿದ್ದೆಲ್ಲೋ ಅಳಿಯಾ, ಈ ಸಲ ಬರಿಸಿಕೊಂಡ ಬಂದೀನಿ ನೋಡು."

ಬಾಲ್‌ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಅಚ್ಚಕನ್ನಡದಲ್ಲೇ ಬರೆದಿತ್ತು: ಮುಂಜಾನೆ 1, ರಾತ್ರಿ 1. ಬದನಿಕಾಯಿ ಬಿಡಬೇಕು. ಸೈಡ್ ಎಫೆಕ್ಟ್ ಇಲ್ಲ.