ಅತಿಥಿ ಏಳದಾಗ
ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಲಿನಕ್ಸ್ ವ್ಯವಸ್ಥೆಯೂ ಜನ್ಮತಾಳಿದ್ದು ಒಂದೇ ವರ್ಷ, 1991ರಲ್ಲಿ. ಆದರೆ ಕನ್ನಡದ ಎಷ್ಟೋ ಹಳೆಯ ಕಡತಗಳು ವಿಂಡೋಸಿಗೆಂದೇ ರಚಿತವಾದ ‘ನುಡಿ’ಯ ಅಕ್ಷರಗಳಲ್ಲಿವೆ. ಹೊಸಪೇಟೆಯ ಮುದ್ರಕನಾಗಲಿ, ಸಂಡೂರು, ಕಂಪ್ಲಿಗಳ ಸಂಶೋಧಕನಾಗಲಿ ಲಿನಕ್ಸನ್ನು ಆಶ್ರಯಿಸಿದರೆ, ಆ ಕಡತಗಳಿಗಾಗಿ ವರ್ಚುವಲ್‌ಬಾಕ್ಸಿನ ಮೂಲಕ ಗಣಕದೊಳಗೊಂದು ಮಿಥ್ಯಾಗಣಕವನ್ನು ಕಟ್ಟಿ, ವಿಂಡೋಸನ್ನು ಅತಿಥಿಯಾಗಿ ಇರಿಸಿಕೊಳ್ಳುವುದುಂಟು.

ಒಂದು ದಿನ ಆ ಅತಿಥಿ ಏಳುವುದಿಲ್ಲ. ‘ಕರ್ನೆಲ್ ಡ್ರೈವರ್ ಸ್ಥಾಪಿತವಾಗಿಲ್ಲ’ ಎಂಬ ಸಂದೇಶ ಮಾತ್ರ ಮೂಡುತ್ತದೆ. ಅವಸರದವನು ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸಹೊರಡುತ್ತಾನೆ. ಆ ಭರದಲ್ಲಿ ಅತಿಥಿಯ ಡಿಸ್ಕ್ ಕಡತವೂ ಅಳಿದರೆ ವರ್ಷಗಳ ಬರಹ ಹೋದಂತೆಯೇ.

ದೋಷವಾದರೋ ಬಹುಮಟ್ಟಿಗೆ ಅಲ್ಪವಾದುದು. ಲಿನಕ್ಸಿನ ಕರ್ನೆಲ್ ನವೀಕರಣಗೊಂಡಾಗ ಡ್ರೈವರನ್ನೂ ಅದಕ್ಕೆ ಹೊಂದುವಂತೆ ಮರಳಿ ರಚಿಸಬೇಕು. ಈ ಕಾರ್ಯಕ್ಕೆ ಅದೇ ಆವೃತ್ತಿಯ ‘ಹೆಡರ್’ ಕಡತಗಳು ಬೇಕು. ಅವಿದ್ದೂ ಫಲವಿಲ್ಲದಿದ್ದರೆ, ‘ಸೆಕ್ಯೂರ್ ಬೂಟ್’ ಎಂಬ ಕಾವಲುಗಾರನು ಸಹಿಯಿಲ್ಲದ ಡ್ರೈವರನ್ನು ತಡೆದಿರಬಹುದು. ಡ್ರೈವರಿಗೆ ಸಹಿ ಹಾಕಿ, ಸಹಿಯ ಕೀಲಿಯನ್ನು ಗಣಕ ಮರಳಿ ಆರಂಭವಾಗುವಾಗ ನೋಂದಾಯಿಸಬೇಕು. ಡ್ರೈವರ್ ಸರಿಯಿದ್ದು, ‘ವಿಟಿ-ಎಕ್ಸ್’ ಲಭ್ಯವಿಲ್ಲವೆಂಬ ಸಂದೇಶ ಬಂದರೆ, ಬಯಾಸಿನಲ್ಲಿ ಆ ಸೌಲಭ್ಯವನ್ನು ತೆರೆಯಬೇಕು.

ಮೊದಲು ಡಿಸ್ಕ್ ಕಡತದ ಪ್ರತಿ, ಬಳಿಕ ಸಂದೇಶದ ಓದು, ಆಮೇಲೆ ಚಿಕಿತ್ಸೆ: ಈ ಕ್ರಮ ತಪ್ಪದವನ ಬರಹ ಉಳಿಯುತ್ತದೆ.